ಸೊನ್ನೆ ಬಾರದ ಲೆಕ್ಕಗಳು

2008ರ ಆಗಸ್ಟ್ ಕೊನೆಯಲ್ಲಿ ನಮಗೊಂದು ಅರೆಬರೆ ಸುದ್ದಿ ಸಿಕ್ಕಿತು. ಯಾರದೋ ಕಂಪ್ಯೂಟರಿನಲ್ಲಿ ಸೊನ್ನೆ ಬಂದಿದೆಯಂತೆ! ಅದು ನಿಜವಾದರೆ ಜಗತ್ತಿಗೆ ಇನ್ನೊಂದು ದೈತ್ಯ ಅವಿಭಾಜ್ಯ ಸಂಖ್ಯೆ ಸಿಕ್ಕಂತೆ. ಯಾರ ಕಂಪ್ಯೂಟರು, ಯಾವ ಊರು, ಎಷ್ಟು ಅಂಕಿಯ ಸಂಖ್ಯೆ ಎಂಬ ಯಾವ ವಿವರವೂ ಹೊರಬೀಳಲಿಲ್ಲ. ಬೇರೆ ಯಂತ್ರಗಳಲ್ಲಿ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಅದೇ ಲೆಕ್ಕವನ್ನು ಮತ್ತೆ ಮಾಡಿ ಅದೇ ಉತ್ತರ ಬರುವ ತನಕ ಬಾಯಿ ಬಿಡಬಾರದು ಎಂಬುದು ಅಲ್ಲಿಯ ಶಿಸ್ತು. ಹಾಗಾಗಿ ಜಗತ್ತಿನ ಮೂಲೆಮೂಲೆಯಲ್ಲಿದ್ದ ಸಾವಿರಾರು ಜನ ಸುಮ್ಮನೆ ಕಾದೆವು.

ನಾವು ಅಂದರೆ ಜಿಂಪ್ಸ್‌ನ ಸ್ವಯಂಸೇವಕರು. ಗ್ರೇಟ್ ಇಂಟರ್‌ನೆಟ್ ಮರ್ಸೆನ್ ಪ್ರೈಮ್ ಸರ್ಚ್ ಎಂಬ ಉದ್ದನೆಯ ಹೆಸರನ್ನು ಎಲ್ಲರೂ ಹಾಗೆ ಮೊಟಕು ಮಾಡಿಯೇ ಕರೆಯುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿದ್ದ ಜಾರ್ಜ್ ವೋಲ್ಟ್‌ಮನ್ ಎಂಬ ಪ್ರೋಗ್ರಾಮರ್ 1996ರ ಜನವರಿಯಲ್ಲಿ ಇದನ್ನು ಶುರು ಮಾಡಿದರು. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ, ಕೊನೆಗೆ ಒಂದನ್ನು ಕಳೆದರೆ 3, 7, 31, 127ರಂಥ ಸಂಖ್ಯೆಗಳು ಬರುತ್ತವೆ. ಇವುಗಳಲ್ಲಿ ಅವಿಭಾಜ್ಯವಾದವನ್ನು 17ನೇ ಶತಮಾನದ ಫ್ರಾನ್ಸಿನ ಪಾದ್ರಿ ಮರ್ಸೆನ್ ಅವರ ಹೆಸರಿನಲ್ಲಿ ಕರೆಯುವುದು ವಾಡಿಕೆ. ವೋಲ್ಟ್‌ಮನ್ ಇವನ್ನು ಹುಡುಕಲು ಪ್ರೈಮ್95 ಎಂಬ ಪ್ರೋಗ್ರಾಂ ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಪುಕ್ಕಟೆ ಕೊಟ್ಟುಬಿಟ್ಟರು. ಮರುವರ್ಷ ಸ್ಕಾಟ್ ಕುರೋವ್‌ಸ್ಕಿ ಎಂಬುವರು ಸರ್ವರ್ ಒಂದನ್ನು ಕಟ್ಟಿದರು. ಯಾರಿಗೆ ಯಾವ ಸಂಖ್ಯೆ ಎಂದು ಹಂಚುವುದು, ಉತ್ತರ ಬಂದರೆ ಬರೆದಿಟ್ಟುಕೊಳ್ಳುವುದು ಅದರ ಕೆಲಸ. ಅಲ್ಲಿಂದ ಮುಂದೆ ಮನೆಯ ಕಂಪ್ಯೂಟರು ಬಿಡುವಾಗಿರುವ ಹೊತ್ತನ್ನು ದಾನ ಮಾಡುವ ಮನಸ್ಸಿದ್ದರೆ ಸಾಕಾಯಿತು. ಗಣಿತದ ಪದವಿ ಯಾರೂ ಕೇಳಲಿಲ್ಲ.

ಆ ವರ್ಷದ ಕಾಯುವಿಕೆಗೆ ಇನ್ನೊಂದು ಕಾರಣವೂ ಇತ್ತು. ಒಂದು ಕೋಟಿ ಅಂಕಿಗಳ ಗಡಿ ದಾಟಿದ ಮೊದಲ ಅವಿಭಾಜ್ಯ ಸಂಖ್ಯೆಗೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1 ಲಕ್ಷ ಡಾಲರ್ ಬಹುಮಾನ ಇಟ್ಟಿತ್ತು. 2006ರ ಸೆಪ್ಟೆಂಬರ್‌ನಲ್ಲಿ ಮಿಸೌರಿಯ ಕರ್ಟಿಸ್ ಕೂಪರ್ ಮತ್ತು ಸ್ಟೀವನ್ ಬೂನ್ ಕಂಡುಕೊಂಡಿದ್ದ ಸಂಖ್ಯೆಯಲ್ಲಿ 98,08,358 ಅಂಕಿಗಳಿದ್ದವು. ಗಡಿಗೆ ಇನ್ನು 1,91,642 ಅಂಕಿ ಬಾಕಿ! ಆಮೇಲೆ ಎರಡು ವರ್ಷ ಎಲ್ಲಿಂದಲೂ ಸುದ್ದಿಯಿಲ್ಲ.

ನಮ್ಮ ಮನೆ ಆಗ ಮೈಸೂರಿನಲ್ಲಿತ್ತು. ನಡುಮನೆಯ ಮೂಲೆಯ ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಅಪ್ಪನ ಆರಾಮ ಕುರ್ಚಿ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ಕಂಪ್ಯೂಟರಿನ ಗೀಳಿರಲಿಲ್ಲ, ಲೆಕ್ಕದ ಗೀಳು ಮಾತ್ರ ಇಳಿದಿರಲಿಲ್ಲ. ರಾತ್ರಿಯಿಡೀ ಗುಂಯ್‌ಗುಡುವ ಪೆಟ್ಟಿಗೆಯನ್ನು ನೋಡಿ ಒಂದು ದಿನ ಕೇಳಿದರು.

“ಇದು ಏನು ಮಾಡ್ತಾ ಇದೆ ಅಂತ ನಂಗೆ ಬಿಡಿಸಿ ಹೇಳೇ. ಇಷ್ಟು ದೊಡ್ಡ ಸಂಖ್ಯೇನ ಒಂದೊಂದರಿಂದಲೂ ಭಾಗಿಸ್ತಾ ಕೂತರೆ ಯುಗಯುಗ ಬೇಕಲ್ಲ?”

“ಭಾಗಿಸಲ್ಲ ಅಪ್ಪ. ಚಿಕ್ಕಪುಟ್ಟ ಭಾಜಕ ಇದೆಯಾ ಅಂತ ಮೊದಲು ನೋಡಿಬಿಡುತ್ತೆ. ಅದರಲ್ಲಿ ಉಳಿದುಕೊಂಡ ಸಂಖ್ಯೆಗೆ ಬೇರೆ ಪರೀಕ್ಷೆ ಇದೆ. ನೀವು ಪೆನ್ ಕೊಡಿ.”

ಅವತ್ತಿನ ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದೆ. ಫ್ರಾನ್ಸಿನ ಎದ್ವಾರ್ ಲ್ಯೂಕಾ 19ನೇ ಶತಮಾನದಲ್ಲಿ ಹೊಳೆಯಿಸಿಕೊಂಡು, ಅಮೆರಿಕದ ಡೆರಿಕ್ ಲೆಹ್ಮರ್ 1930ರ ಹೊತ್ತಿಗೆ ತಿದ್ದಿ ಕೊಟ್ಟ ಪರೀಕ್ಷೆ ಅದು. ನಾಲ್ಕರಿಂದ ಶುರು. ಅದರ ವರ್ಗ ಮಾಡಿ ಎರಡು ಕಳೆಯಿರಿ. ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೂ ಅದೇ ಶಿಕ್ಷೆ. ಎರಡರ ಘಾತ ಎಷ್ಟೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

31ಕ್ಕೆ ಘಾತ 5, ಹಾಗಾಗಿ ಮೂರೇ ಹೆಜ್ಜೆ. ನಾಲ್ಕರ ವರ್ಗ 16, ಎರಡು ಕಳೆದರೆ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗ 64, ಎರಡು ಕಳೆದರೆ 62. ಅದು 31ರ ಎರಡರಷ್ಟು, ಶೇಷ ಸೊನ್ನೆ. ಅಪ್ಪ ನನ್ನ ಕೈಯಿಂದ ಪೆನ್ ಕಿತ್ತುಕೊಂಡು 127ಕ್ಕೆ ತಾವೇ ಕೂತರು. 4, 14, 67, 42, 111, ಆಮೇಲೆ ಸೊನ್ನೆ. ಅವರ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

“ಈಗ 2047 ತಗೊ. ಅದು 23 ಇಂಟು 89, ಅವಿಭಾಜ್ಯ ಅಲ್ಲ ಅಂತ ನಂಗೆ ಗೊತ್ತು. ಆದರೂ ಮಾಡೋಣ. ನೀನು ಬೇರೆ ಹಾಳೆಯಲ್ಲಿ ಮಾಡು, ನನ್ನದು ನೋಡಬೇಡ” ಎಂದರು.

ಒಂಬತ್ತು ಹೆಜ್ಜೆ. ಕಾಗದದ ಮೇಲೆ ಅಷ್ಟಕ್ಕೇ ಸಾಕುಸಾಕಾಗುತ್ತದೆ. ಕೊನೆಗೆ ನನ್ನ ಹಾಳೆಯಲ್ಲಿ ಉಳಿದದ್ದು 1736. ಅಪ್ಪನ ಹಾಳೆಯಲ್ಲೂ 1736. ಸೊನ್ನೆ ಬರಲಿಲ್ಲ ಎಂದು ಇಬ್ಬರಿಗೂ ಬೇಸರವಾಗಲಿಲ್ಲ. ಬೇರೆ ಬೇರೆ ಕೂತು ಮಾಡಿದ ಲೆಕ್ಕ ಒಂದೇ ಶೇಷಕ್ಕೆ ಬಂದು ನಿಂತಿತಲ್ಲ, ಅದೇ ದೊಡ್ಡ ಸಮಾಧಾನ. ಜಿಂಪ್ಸ್‌ನ ಜೀವಾಳವೇ ಅದು ಎಂಬುದನ್ನು ಅಪ್ಪ ಆ ಸಂಜೆ ನನಗಿಂತ ಮೊದಲೇ ಹಿಡಿದುಬಿಟ್ಟರು.

ನಮ್ಮ ಕಂಪ್ಯೂಟರಿಗೆ ಸರ್ವರ್ ಕೊಟ್ಟಿದ್ದು ಕೋಟಿಗಟ್ಟಲೆ ಹೆಜ್ಜೆಗಳ ಲೆಕ್ಕ. ಒಂದೊಂದು ಹೆಜ್ಜೆಯಲ್ಲೂ ಲಕ್ಷಾಂತರ ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡಬೇಕು. ಶಾಲೆಯಲ್ಲಿ ಕಲಿಸುವ ಗುಣಾಕಾರ ಅಲ್ಲಿ ನಡೆಯುವುದಿಲ್ಲ. ಸಂಖ್ಯೆಯನ್ನು ತುಂಡುಗಳಾಗಿ ಒಡೆದು, ಫೋರಿಯರ್ ಪರಿವರ್ತನೆಯ ದಾರಿಯಲ್ಲಿ ಹಾಯಿಸಿ, ಸರಸರನೆ ಗುಣಿಸಿ ಮತ್ತೆ ಜೋಡಿಸುತ್ತಾರೆ. ರಿಚರ್ಡ್ ಕ್ರಾಂಡಲ್ ಎಂಬ ವಿಜ್ಞಾನಿ ಮರ್ಸೆನ್ ಸಂಖ್ಯೆಗಳಿಗೆಂದೇ ಈ ವಿಧಾನವನ್ನು ಹದಗೊಳಿಸಿಕೊಟ್ಟಿದ್ದರು. ಇಷ್ಟಾದರೂ ಮನೆಯ ಯಂತ್ರಕ್ಕೆ ಒಂದು ಸಂಖ್ಯೆ ಮುಗಿಸಲು ತಿಂಗಳುಗಳು ಹಿಡಿಯುತ್ತಿದ್ದವು. ನಡುವೆ ಕರೆಂಟು ಹೋಗುತ್ತಿತ್ತು. ಪ್ರೈಮ್95 ಅರ್ಧ ಗಂಟೆಗೊಮ್ಮೆ ತಾನು ಎಲ್ಲಿಗೆ ಬಂದೆ ಎಂಬುದನ್ನು ಡಿಸ್ಕಿಗೆ ಬರೆದಿಡುವುದರಿಂದ ಕಳೆದುಕೊಳ್ಳುವುದು ಅಷ್ಟರೊಳಗಿನ ಕೆಲಸ ಮಾತ್ರ. ಕರೆಂಟು ಬಂದ ಕೂಡಲೇ ಅಪ್ಪನೇ ಎದ್ದು ಹೋಗಿ ಸ್ವಿಚ್ ಹಾಕುತ್ತಿದ್ದರು.

ಆ ವರ್ಷ ಸೆಪ್ಟೆಂಬರ್ 3ಕ್ಕೆ ಗಣೇಶ ಚೌತಿ. ಬೀದಿಯ ಪೆಂಡಾಲಿನಲ್ಲಿ ಗಣಪತಿ ಇನ್ನೂ ಕೂತಿದ್ದ, ಅಷ್ಟರಲ್ಲಿ ಎರಡನೆಯ ಸುದ್ದಿ ಬಂತು. 6ನೇ ತಾರೀಖು ಶನಿವಾರ, ಇನ್ನೊಬ್ಬರ ಯಂತ್ರದಲ್ಲಿ ಇನ್ನೊಂದು ಸೊನ್ನೆ! ಎರಡು ವರ್ಷ ಏನೂ ಇಲ್ಲದೆ, ಎರಡು ವಾರದೊಳಗೆ ಎರಡು. ಪರೀಕ್ಷಿಸುವವರ ಕೈತುಂಬ ಕೆಲಸವಾಯಿತು.

ಸೆಪ್ಟೆಂಬರ್ ನಡುವಿನಲ್ಲಿ ಎಲ್ಲವೂ ಬಯಲಾಯಿತು. ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದ ವಾರವದು. ಪತ್ರಿಕೆಗಳ ಮುಖಪುಟದಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಮಾತೆಲ್ಲ ಲಾಸ್ ಏಂಜಲೀಸಿನದೇ. ಮೊದಲ ಸೊನ್ನೆ ಬಂದದ್ದು ಆಗಸ್ಟ್ 23ರಂದು, ಅಲ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ. ಕಂಪ್ಯೂಟರುಗಳ ಮೇಲ್ವಿಚಾರಕ ಎಡ್ಸನ್ ಸ್ಮಿತ್, ವಿದ್ಯಾರ್ಥಿಗಳ ಲ್ಯಾಬಿನ 75 ಯಂತ್ರಗಳಲ್ಲಿ ಪ್ರೈಮ್95 ಹಾಕಿಟ್ಟಿದ್ದರು. ಜೆಪ್ಲಿನ್ ಎಂದು ಹೆಸರಿಟ್ಟಿದ್ದ ಒಂದು ಸಾಮಾನ್ಯ ಡೆಲ್ ಯಂತ್ರಕ್ಕೆ ಅದೃಷ್ಟ ಒಲಿಯಿತು. ಎರಡರ ಘಾತ 4,31,12,609, ಅದರಲ್ಲಿ ಒಂದು ಕಡಿಮೆ. ಬರೆದರೆ 1,29,78,189 ಅಂಕಿಗಳು. ಪುಟಕ್ಕೆ 3,000 ಅಂಕಿಯಂತೆ ಅಚ್ಚು ಹಾಕಿದರೂ ಪುಸ್ತಕ 4,300 ಪುಟ ದಾಟುತ್ತದೆ.

ಆ ಕ್ಯಾಂಪಸ್ಸಿಗೂ ಮರ್ಸೆನ್ ಸಂಖ್ಯೆಗಳಿಗೂ ಹಳೆಯ ನಂಟು. 1952ರ ಜನವರಿ 30ರಂದು ಅಲ್ಲೇ ಇದ್ದ ಸ್ವಾಕ್ ಎಂಬ ಯಂತ್ರದಲ್ಲಿ ರಾಫೇಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಓಡಿ, ಒಂದೇ ದಿನ ಎರಡು ಹೊಸ ಮರ್ಸೆನ್ ಅವಿಭಾಜ್ಯಗಳು ಸಿಕ್ಕಿದ್ದವು. ಆ ವರ್ಷ ಮುಗಿಯುವಷ್ಟರಲ್ಲಿ ಇನ್ನೂ ಮೂರು. ಯಂತ್ರವನ್ನು ಕಣ್ಣಾರೆ ಕಾಣದೆ, ಕೈಪಿಡಿ ಓದಿಕೊಂಡೇ ರಾಬಿನ್ಸನ್ ಆ ಪ್ರೋಗ್ರಾಂ ಬರೆದಿದ್ದರು. 1961ರಲ್ಲಿ ಅಲೆಕ್ಸಾಂಡರ್ ಹರ್ವಿಟ್ಸ್ ಅದೇ ಕ್ಯಾಂಪಸ್ಸಿನಲ್ಲಿ ಇನ್ನೆರಡನ್ನು ಸೇರಿಸಿದರು. ಜೆಪ್ಲಿನ್‌ನದು ಎಂಟನೆಯದು.

ಎರಡನೆಯ ಸೊನ್ನೆ ಜರ್ಮನಿಯದು. ಕಲೋನ್ ಹತ್ತಿರದ ಲಾಂಗೆನ್‌ಫೆಲ್ಡ್‌ನ ಹಾನ್ಸ್-ಮಿಖಾಯಲ್ ಎಲ್ವೆನಿಖ್ ಅವರ ಸಂಖ್ಯೆಗೆ 1,11,85,272 ಅಂಕಿ. ಅದೂ ಕೋಟಿಯ ಗಡಿ ದಾಟಿತ್ತು. ಆದರೆ ಹದಿನಾಲ್ಕು ದಿನ ಹಿಂದೆ ಬಿದ್ದಿತ್ತು. ಬಹುಮಾನ ಮೊದಲನೆಯದಕ್ಕೇ.

“ಪಾಪ, ಆ ಜರ್ಮನಿಯವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು!” ಎಂದಳು ಅಮ್ಮ.

ಬಹುಮಾನ ಹಂಚುವ ಕ್ರಮ ತಿಳಿದ ಮೇಲೆ ಆ ಮಾತು ಉಳಿಯಲಿಲ್ಲ. ಸಿಕ್ಕಿದವರಿಗೆ ಪೂರ್ತಿ ದುಡ್ಡು ಹೋಗಬಾರದು ಎಂದು ಜಿಂಪ್ಸ್ ಮೊದಲೇ ನಿಯಮ ಮಾಡಿಕೊಂಡಿತ್ತು. ಅರ್ಧ ಆ ಗಣಿತ ವಿಭಾಗಕ್ಕೆ, ಕಾಲು ಭಾಗ ದಾನಕ್ಕೆ, ಉಳಿದುದರಲ್ಲಿ ಹೆಚ್ಚಿನ ಪಾಲು ಹಿಂದೆ ಸಂಖ್ಯೆ ಕಂಡುಹಿಡಿದವರಿಗೆ. ಒಬ್ಬರ ಯಂತ್ರದಲ್ಲಿ ಬಂದದ್ದು ಒಬ್ಬರದಷ್ಟೇ ಅಲ್ಲ ಎಂಬುದನ್ನು ಅವರು ದುಡ್ಡಿನ ಲೆಕ್ಕದಲ್ಲೇ ಬರೆದಿಟ್ಟಿದ್ದರು.

ನಮ್ಮ ಯಂತ್ರದ ಲೆಕ್ಕ ಮುಗಿದದ್ದು ದೀಪಾವಳಿಯ ಹೊತ್ತಿಗೆ. ಪರದೆಯ ಮೇಲೆ ಒಂದೇ ಸಾಲು: ಇಂಥ ಸಂಖ್ಯೆ ಅವಿಭಾಜ್ಯವಲ್ಲ. ಅದರ ಮುಂದೆ ಹದಿನಾರು ಅಕ್ಷರ-ಅಂಕಿಗಳ ಒಂದು ಸರಪಣಿ. ಅಪ್ಪ ಕನ್ನಡಕ ಏರಿಸಿ ಆ ಸರಪಣಿಯನ್ನೇ ನೋಡಿದರು. “ಇದು ನಮ್ಮ 1736 ಅಲ್ಲವೇನೇ?” ಎಂದರು.

ಹೌದು, ಅದೇ. ಕೊನೆಯಲ್ಲಿ ಉಳಿದ ಶೇಷ ಕೋಟಿಯಷ್ಟು ಅಂಕಿಗಳದ್ದು. ಪೂರ್ತಿ ಕಳಿಸುವುದು ಬೇಡ ಎಂದು ಅದರ ಬಾಲದ ತುಣುಕನ್ನು ಮಾತ್ರ ಸರ್ವರಿಗೆ ಕಳಿಸುತ್ತಾರೆ. ಆಮೇಲೆ ವರ್ಷಗಳು ಕಳೆದು, ಯಾವುದೋ ದೇಶದ ಯಾರೋ ಅದೇ ಸಂಖ್ಯೆಯನ್ನು ಮೊದಲಿಂದ ಮತ್ತೆ ಪರೀಕ್ಷಿಸುತ್ತಾರೆ. ಒಂದೇ ತಪ್ಪು ಎರಡು ಕಡೆಯೂ ಆಗಬಾರದೆಂದು ಒಳಗಿನ ಲೆಕ್ಕವನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ಶುರು ಮಾಡುತ್ತಾರೆ. ಎರಡು ಶೇಷಗಳೂ ಹೊಂದಿದರೆ ಮಾತ್ರ ಆ ಸಂಖ್ಯೆಯ ಕಡತ ಮುಚ್ಚುತ್ತದೆ. ಮೆಮೊರಿಯಲ್ಲಿ ಒಂದು ಬಿಟ್ ಪಲ್ಟಿ ಹೊಡೆದರೂ ಸಾಕು, ತಿಂಗಳುಗಟ್ಟಲೆಯ ಲೆಕ್ಕ ಕೆಡುತ್ತದೆ. ಕೆಟ್ಟ ಲೆಕ್ಕದ ಮರೆಯಲ್ಲಿ ನಿಜವಾದ ಸೊನ್ನೆಯೊಂದು ತಪ್ಪಿಸಿಕೊಂಡಿರಬಹುದು. ಅದಕ್ಕೇ ಈ ಎರಡನೆಯ ಸುತ್ತು. ಇದರಲ್ಲಿ ಹೆಸರು ಬರುವ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಜನ ಕೇಳಿ ಪಡೆದು ಮಾಡುತ್ತಾರೆ.

“ಅವಿಭಾಜ್ಯವಲ್ಲ ಅಂತ ತೋರಿಸಿದ್ದಕ್ಕೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಾರೆ ಕಣೇ” ಎಂದು ಅಪ್ಪ ಆವತ್ತು ಫ್ರಾಂಕ್ ನೆಲ್ಸನ್ ಕೋಲ್ ಅವರ ಕಥೆ ಹೇಳಿದರು. ಎರಡರ ಘಾತ 67ರಲ್ಲಿ ಒಂದು ಕಳೆದರೆ ಅವಿಭಾಜ್ಯ ಎಂದು ಮರ್ಸೆನ್ 1644ರಲ್ಲಿ ಪಟ್ಟಿ ಮಾಡಿದ್ದರು. ಅದು ತಪ್ಪು ಎಂದು ಲ್ಯೂಕಾ 1876ರಲ್ಲಿ ತೋರಿಸಿದರು, ಆದರೆ ಭಾಜಕಗಳು ಯಾವುವೆಂದು ಯಾರಿಗೂ ತಿಳಿದಿರಲಿಲ್ಲ. 1903ರಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಕೋಲ್ ಎದ್ದು, ಮಾತಿಲ್ಲದೆ ಹಲಗೆಯ ಒಂದು ಕಡೆ ಆ 21 ಅಂಕಿಯ ಸಂಖ್ಯೆ ಬರೆದರಂತೆ. ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ತೋರಿಸಿ, ಮಾತಿಲ್ಲದೆಯೇ ಹೋಗಿ ಕೂತರಂತೆ. ಎರಡೂ ಉತ್ತರ ಒಂದೇ. ಮೂರು ವರ್ಷದ ಭಾನುವಾರಗಳು ಅದಕ್ಕೆ ಹಿಡಿದವು ಎಂದು ಅವರು ಆಮೇಲೆ ಹೇಳಿದ್ದಾಗಿ ಗಣಿತದವರು ಇಂದಿಗೂ ನೆನೆಯುತ್ತಾರೆ.

ಮರುವರ್ಷ ನಡೆದದ್ದು ಅಪ್ಪನ ಮಾತಿಗೆ ಇನ್ನಷ್ಟು ತೂಕ ತಂದಿತು. ನಾರ್ವೆಯ ಒಡ್ ಮಾಗ್ನರ್ ಸ್ಟ್ರಿಂಡ್ಮೋ 1996ರಿಂದಲೂ ಜಿಂಪ್ಸ್‌ನಲ್ಲಿದ್ದವರು. 1,400ಕ್ಕೂ ಹೆಚ್ಚು ಸಂಖ್ಯೆಗಳನ್ನು ಪರೀಕ್ಷಿಸಿ, ಒಂದೊಂದಕ್ಕೂ ಅವಿಭಾಜ್ಯವಲ್ಲ ಎಂಬ ಉತ್ತರ ಪಡೆದವರು. 2009ರ ಏಪ್ರಿಲ್‌ನಲ್ಲಿ ಅವರ ಯಂತ್ರಕ್ಕೆ ಸೊನ್ನೆ ಬಂತು. ಸರ್ವರಿನಿಂದ ಹೋಗಬೇಕಿದ್ದ ಸೂಚನೆ ಹೋಗದೆ, ಜೂನ್ ತನಕ ಅದು ಯಾರ ಗಮನಕ್ಕೂ ಬೀಳಲಿಲ್ಲ. ಬಿದ್ದ ಮೇಲೆ ನೋಡಿದರೆ 1,28,37,064 ಅಂಕಿ. ದಾಖಲೆಗೆ 1,41,125 ಅಂಕಿಗಳಷ್ಟೇ ಕೊರತೆ. ಇಂಥದ್ದು ಇನ್ನೊಮ್ಮೆಯೂ ಆಯಿತು. ಕೂಪರ್ ಅವರ ಯಂತ್ರ 2015ರ ಸೆಪ್ಟೆಂಬರ್ 17ರಂದು ವರದಿ ಮಾಡಿದ ಸೊನ್ನೆ ಮನುಷ್ಯರ ಕಣ್ಣಿಗೆ ಬಿದ್ದದ್ದು 2016ರ ಜನವರಿ 7ರಂದು. ಕಂಡುಹಿಡಿದ ದಿನಾಂಕವೆಂದು ದಾಖಲಾದದ್ದು ಎರಡನೆಯದೇ. ಮನುಷ್ಯರು ನೋಡಿದ ಮೇಲೇ ಸಿಕ್ಕಂತೆ ಎಂಬುದು ಅವರ ತೀರ್ಮಾನ.

ನಾರ್ವೆಯ ಸಂಖ್ಯೆ ನಡುವೆ ಬಂದು ಕೂತದ್ದರಿಂದ ಸಾಲಿನ ಕ್ರಮವೇ ಬದಲಾಯಿತು. ಜರ್ಮನಿಯದು 45ನೆಯದು, ನಾರ್ವೆಯದು 46ನೆಯದು, ಲಾಸ್ ಏಂಜಲೀಸಿನದು 47ನೆಯದು. ಆದರೆ ಇವುಗಳ ನಡುವೆ ಮತ್ತೊಂದು ಅಡಗಿಲ್ಲ ಎಂದು ಹೇಳುವುದು ಹೇಗೆ? ಜನಗಣತಿಯವರು ಬೀಗ ಹಾಕಿದ ಮನೆಗೂ ಹೋಗಿ ಗುರುತು ಹಾಕಿ ಬಂದ ಮೇಲಷ್ಟೇ ಊರಿನ ಲೆಕ್ಕ ಮುಗಿಯುತ್ತದಲ್ಲ, ಇಲ್ಲಿಯೂ ಹಾಗೆಯೇ. 4,31,12,609ಕ್ಕಿಂತ ಚಿಕ್ಕದಾದ ಒಂದೊಂದು ಅವಿಭಾಜ್ಯ ಘಾತವನ್ನೂ, ಭಾಜಕ ಸಿಗದೆ ಉಳಿದುಕೊಂಡದ್ದಾದರೆ ಎರಡೆರಡು ಸಲ, ಪರೀಕ್ಷಿಸಬೇಕಿತ್ತು. ಆ ಕೆಲಸ ಮುಗಿದು ಅದು 47ನೆಯದೇ ಎಂಬುದು ಖಚಿತವಾದದ್ದು 2018ರಲ್ಲಿ, ಸೊನ್ನೆ ಬಂದ ಸುಮಾರು ಹತ್ತು ವರ್ಷದ ಮೇಲೆ. ಸಂಖ್ಯೆ ಅವಿಭಾಜ್ಯ ಎಂದು ಹೇಳಲು ಒಂದು ಯಂತ್ರ, ಕೆಲವು ಪರೀಕ್ಷಕರು ಸಾಕಾದರು. ಅದಕ್ಕೆ 47 ಎಂಬ ಸ್ಥಾನ ಕೊಡಲು ಸೊನ್ನೆ ಕಾಣದ ಸಾವಿರಾರು ಜನ ಬೇಕಾದರು. ಆ ಸಾವಿರಾರು ಜನರಲ್ಲಿ ಮೈಸೂರಿನ ನಮ್ಮ ಮನೆಯೂ ಒಂದು ಎಂಬುದು ನನಗೆ ಯಾವ ಬಹುಮಾನಕ್ಕೂ ಕಡಿಮೆಯದಲ್ಲ.

ಇದರಿಂದ ಪ್ರಯೋಜನವೇನು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹೊಸ ಕಂಪ್ಯೂಟರಿನ ಗಟ್ಟಿತನ ನೋಡಲು ಇಂದಿಗೂ ಎಷ್ಟೋ ಜನ ಪ್ರೈಮ್95 ಓಡಿಸುತ್ತಾರೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳು ಕೆಲವು ಲೆಕ್ಕಗಳ ನಡುವೆ ಸ್ತಬ್ಧವಾಗಿಬಿಡುವ ದೋಷ 2016ರಲ್ಲಿ ಬೆಳಕಿಗೆ ಬಂದದ್ದು ಈ ಪ್ರೋಗ್ರಾಮಿನಿಂದಲೇ. ಕಂಪನಿ ಅದನ್ನು ಒಪ್ಪಿಕೊಂಡು ಸರಿಪಡಿಸಿತು. ಇದು ಬದಿಯ ಲಾಭ. ಮನುಷ್ಯರು ತಿಳಿದುಕೊಂಡದ್ದಕ್ಕೆ ಒಂದು ಗಡಿ ಇದೆ, ಆ ಗಡಿಯನ್ನು ಒಂದಿಂಚು ಆಚೆಗೆ ಸರಿಸಲು ಸಾಮಾನ್ಯರೂ ಕೈಹಾಕಬಹುದು ಎಂಬುದೇ ನನ್ನ ಪಾಲಿಗೆ ನಿಜವಾದ ಪ್ರಯೋಜನ.

ಅಲ್ಲಿಂದ ಈಚೆಗೆ ದಾಖಲೆ ಬಹಳ ಮುಂದೆ ಹೋಗಿದೆ. 2017ರ ಡಿಸೆಂಬರ್‌ನಲ್ಲಿ ಟೆನಿಸಿಯ ಜೊನಾಥನ್ ಪೇಸ್ ಅವರಿಗೆ 50ನೆಯ ಮರ್ಸೆನ್ ಅವಿಭಾಜ್ಯ ಸಿಕ್ಕಿತು. ಅವರು ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದವರು. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಕೊಂಡ ಸಂಖ್ಯೆಗೆ 4,10,24,320 ಅಂಕಿ. ಅವರು 17 ದೇಶಗಳ ಡೇಟಾ ಸೆಂಟರುಗಳಲ್ಲಿದ್ದ ಸಾವಿರಾರು ಗ್ರಾಫಿಕ್ಸ್ ಪ್ರೊಸೆಸರುಗಳನ್ನು ಹೂಡಿದ್ದರು. ಡಬ್ಲಿನ್‌ನ ಒಂದು ಪ್ರೊಸೆಸರ್ ಮೊದಲ ಸುಳಿವು ಕೊಟ್ಟರೆ, ಟೆಕ್ಸಸ್ಸಿನ ಸ್ಯಾನ್ ಅಂಟೋನಿಯೋದಲ್ಲಿದ್ದ ಇನ್ನೊಂದು ಮರುದಿನವೇ ಖಚಿತಪಡಿಸಿತು. ಸಿಕ್ಕ 3,000 ಡಾಲರನ್ನು ಅವರು ತಾವು ಓದಿದ ಅಲಬಾಮಾದ ಗಣಿತ-ವಿಜ್ಞಾನ ಶಾಲೆಗೆ ಕೊಡುವುದಾಗಿ ಹೇಳಿದರು. ಪರೀಕ್ಷೆಯ ಕ್ರಮವೂ ಬದಲಾಗಿದೆ. ಈಗ ಲೆಕ್ಕದ ಜೊತೆಗೆ ಒಂದು ಪುರಾವೆಯ ಕಡತವೂ ಹೋಗುತ್ತದೆ. ಎರಡನೆಯವರು ಎಲ್ಲವನ್ನೂ ಮೊದಲಿಂದ ಮಾಡದೆ, ಸ್ವಲ್ಪ ಕೆಲಸದಲ್ಲೇ ಸರಿ-ತಪ್ಪು ಹೇಳಬಹುದು. ಆದರೂ ಎರಡನೆಯವರು ಇರಲೇಬೇಕು.

ಶಾಲೆ-ಕಾಲೇಜುಗಳ ಗಣಿತ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನದೊಂದು ಮನವಿ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ 2047 ಕೊಡಿ. ಒಬ್ಬರದು ಒಬ್ಬರು ನೋಡದೆ ಒಂಬತ್ತು ಹೆಜ್ಜೆ ಮಾಡಲಿ. ಇಬ್ಬರ ಶೇಷವೂ ಒಂದೇ ಬಂದರೆ, ಸೊನ್ನೆ ಬಂದವರಿಗೆ ಕೊಡುವಷ್ಟೇ ಶಹಬ್ಬಾಸ್ ಅವರಿಗೂ ಕೊಡಿ. ಲ್ಯಾಬಿನಲ್ಲಿ ಬಿಡುವಾಗಿರುವ ಒಂದೆರಡು ಕಂಪ್ಯೂಟರುಗಳಿದ್ದು, ಕರೆಂಟಿನ ಖರ್ಚು ಹೊಂದುವಂತಿದ್ದರೆ, ಅವನ್ನೂ ಈ ಕೆಲಸಕ್ಕೆ ಹಚ್ಚಿ. ಹತ್ತು ಕೋಟಿ ಅಂಕಿಗಳ ಮೊದಲ ಅವಿಭಾಜ್ಯ ಸಂಖ್ಯೆಗೆ ಇಟ್ಟಿರುವ 1,50,000 ಡಾಲರಿನ ಬಹುಮಾನಕ್ಕೆ 2024ರ ಆ ದಾಖಲೆಯೂ ಸಾಲದು. ಅದು ಸಿಗದಿದ್ದರೂ ನಷ್ಟವಿಲ್ಲ. ನಿಮ್ಮ ಮಕ್ಕಳು ಕಳಿಸಿದ ಒಂದು ಸರಿಯಾದ ಶೇಷ ಎಂದೆಂದಿಗೂ ಸರಿಯಾಗಿಯೇ ಉಳಿಯುತ್ತದೆ.